ಖಾಲಿ ಎಂದು ಬರೆದ ಮನೆ

"ನಿಮಗೆ ಅರ್ಥ ಆಗೋ ಹಾಗೆ ಇನ್ನೊಂದು ಸಲ ಹೇಳ್ತೀನಿ, ಕಿವಿಗೆ ಹಾಕ್ಕೊಳ್ಳಿ. ಈ ಮನೆಗಳು ನಿಮ್ಮದಲ್ಲ. ಯಾವತ್ತೂ ನಿಮ್ಮದಾಗಿರಲಿಲ್ಲ. ಸಂಘದ್ದಾಗಿತ್ತು. ಈಗ ಸಂಘ ಇಲ್ಲ. ಇಷ್ಟು ಸಣ್ಣ ವಿಷಯ ತಲೆಗೆ ಹೋಗೋಕೆ ಎಷ್ಟು ಮೀಟಿಂಗ್ ಬೇಕು?"

ಪ್ರೆಂಟಿಸ್ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಮಂದ ಮಕ್ಕಳಿಗೆ ಪಾಠ ಹೇಳುವವನಂತೆ ಹೇಳಿದ. ಅವನು ಸಿಡ್ನಿಯಿಂದ ಬಂದವನು. ನಮ್ಮ ಗಾಲಾ ಬೆಂಡಿನ ವಸತಿ ಸಹಕಾರ ಸಂಘವನ್ನು ಬರಖಾಸ್ತು ಮಾಡಿ ಅದರ ಆಸ್ತಿಯನ್ನು ವಿಲೇವಾರಿ ಮಾಡಲು ನೇಮಕವಾದವನು. ಸಭಾಮಂದಿರದ ಮೇಜಿನ ಮೇಲೆ ಅವನು ತಂದ ಕೇಕ್ ಇತ್ತು. ಕೇಕಿನ ಮೇಲೆ ಬಿಳಿ ಕೆನೆ, ಕೆನೆಯ ಮೇಲೆ ಕೆಂಪು ಹಣ್ಣು.

ನಾನು ಅದನ್ನು ಮುಟ್ಟಲಿಲ್ಲ. ಸರ್ಕಾರದವರು ಬಿಸ್ಕತ್ತು ತಂದ ವರ್ಷ ನಮ್ಮ ನರ್ಸಮ್ಮನನ್ನು ಕಿತ್ತುಕೊಂಡರು. ಸಾಸೇಜು ಸುಟ್ಟು ಬಡಿಸಿದ ವರ್ಷ ಶಾಲೆಯ ಬಸ್ಸು ನಿಂತಿತು. ಕೆನೆಯ ಕೇಕ್ ತಂದಿದ್ದಾನೆಂದರೆ ಈ ಸಲ ಹೋಗುವುದು ದೊಡ್ಡದೇ ಇರಬೇಕು ಎಂದು ಮೀಟಿಂಗ್ ಶುರುವಾಗುವ ಮೊದಲೇ ಲೆಕ್ಕ ಹಾಕಿದ್ದೆ.

"ತಿನ್ನಬ್ಯಾಡ್ರೋ, ಅದ್ರಲ್ಲಿ ಏನೋ ಐತೆ" ಎಂದು ಪಕ್ಕದವರಿಗೆ ಪಿಸುಗುಟ್ಟಿದೆ.

"ಸಕ್ರೆ ಐತೆ ಕಣಮ್ಮಿ ವೆರ್ನಾ" ಎಂದು ನನ್ನ ಅಣ್ಣ ಹೆಕ್ಟರ್ ಎರಡನೆಯ ತುಂಡಿಗೆ ಕೈ ಹಾಕಿದ.

ತಿಂದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಅವನು ಎದ್ದು ನಿಂತ. ನದಿಯ ಈಚೆ ದಡದ ಈ ಮನೆಗಳಿಗೆ ಇಟ್ಟಿಗೆ ಹಾಕಿದವರಲ್ಲಿ ಇನ್ನೂ ಉಸಿರಾಡುತ್ತಿರುವವನು ಅವನೊಬ್ಬನೇ. ಅದಕ್ಕೆ ಮೊದಲು ಈ ನೆಲದ ಮೂಲದವರಾದ ನಮ್ಮ ಜನ ಇದ್ದದ್ದು ಊರಿನ ಕಸದ ಗುಂಡಿಯ ಪಕ್ಕ, ತಗಡಿನ ಗುಡಿಸಲುಗಳಲ್ಲಿ. ಹೊತ್ತು ಮುಳುಗಿದ ಮೇಲೆ ಕಪ್ಪು ಮೈಯವರು ಸೇತುವೆ ದಾಟಿ ಬಿಳಿಯರ ಊರೊಳಗೆ ಇರುವಂತಿರಲಿಲ್ಲ. ಸಂಘ ಕಟ್ಟಿಕೊಂಡು, ಅನುದಾನಕ್ಕೆ ಕಾದು, ನದಿಯ ಮರಳು ಹೊತ್ತು ಹೆಕ್ಟರಣ್ಣನ ಓರಗೆಯವರೇ ಇಟ್ಟಿಗೆ ಅಚ್ಚು ಹಾಕಿದರು.

"ಒಂದ್ ಮಾತು ಸಾಮಿ," ಎಂದ ಹೆಕ್ಟರಣ್ಣ. "ಸಂಘ ಸತ್ತೋಯ್ತು ಅಂತೀರಿ. ಸತ್ತೋನ್ ಆಸ್ತಿ ಮಕ್ಳಿಗ್ ಬತ್ತದೆ. ಸಂಘದ್ದು ನಮ್ಗ್ಯಾಕ್ ಬರಲ್ಲ?"

"ನಿಯಮ ಹಾಗಿದೆ. ವಸತಿ ಸಂಘ ಮುಚ್ಚಿದ ಮೇಲೆ ಉಳಿದ ಆಸ್ತೀನ ಸದಸ್ಯರು ಹಂಚಿಕೊಳ್ಳೋ ಹಾಗಿಲ್ಲ. ಇಂಥದೇ ಕೆಲಸ ಮಾಡೋ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗಬೇಕು. ಇದು ನಾನು ಮಾಡಿದ್ದಲ್ಲ, ನಿಮ್ಮ ಸಂಘದವರೇ ಒಪ್ಪಿದ್ದು."

"ಗೊತ್ತು ಕಣಪ್ಪ. ಕೈ ಎತ್ತಿದ್ದೋನೇ ನಾನು. ನಾಳೀಕೆ ನಮ್ಮಲ್ಲೇ ಒಬ್ಬ ಕಳ್ ನನ್ಮಗ ಅಧ್ಯಕ್ಷ ಆಗಿ ಮನೆಗಳ್ನ ಮಾರ್ಕಂಡ್ ಓಡೋದ್ರೆ ಅಂತ ಎತ್ತಿದ್ದು. ಇಂಥದೇ ಇನ್ನೊಂದು ಅಂದ್ರೆ ಪಕ್ಕದ್ ಸಂಘ, ಕೂಲಬಾ ಕ್ರೀಕ್‌ನೋರು ಅಂದ್ಕಂಡಿದ್ದೊ. ಅವ್ರೂ ನಮ್ಮಂಗೇ ಕಪ್ ಜನ. ಅವ್ರೂ ಇಟ್ಗೆ ಹಾಕ್ದೋರು, ನಮ್ ನೆಂಟ್ರು. ಅವ್ರಿಗ್ ಕೊಡಿ, ನಾವೇನ್ ಬ್ಯಾಡ ಅಂತೀವಾ?"

"ಅವರು ತುಂಬಾ ಚಿಕ್ಕವರು. ಅವರ ದರ್ಜೆ ಸಾಲದು."

"ಮತ್ಯಾರ್ದು ಸಾಲ್ತದೆ?"

ಪ್ರೆಂಟಿಸ್ ಮುಂದಿನ ಸಾಲಿನ ಕಡೆ ಕೈ ತೋರಿಸಿದ. ಅಲ್ಲಿ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಮಂಡಿ ಜೋಡಿಸಿ ಕುಳಿತಿದ್ದಳು. ಸಿಮೋನ್ ಎಂದು ಹೆಸರು. ಸಿಡ್ನಿಯ ದೊಡ್ಡ ವಸತಿ ಸಂಸ್ಥೆಯವಳು. ಸಮುದ್ರದ ಬದಿಯಲ್ಲಿ ಅವರಿಗೆ ಸಾವಿರಾರು ಮನೆಗಳಿವೆಯಂತೆ. ಅವಳು ಎದ್ದು, ನಿಮ್ಮೊಂದಿಗೆ ಕೈ ಜೋಡಿಸುವುದು ನಮ್ಮ ಭಾಗ್ಯ ಎಂದು ಎಲ್ಲರಿಗೂ ಹಲ್ಲು ತೋರಿಸಿದಳು. ನಮ್ಮ ನೋಂದಣಿ ರದ್ದಾದದ್ದು ವರದಿ ಕಳಿಸಲಿಲ್ಲವೆಂದು. ವರದಿ ಬರೆಯಲಿ ಎಂದು ಮ್ಯಾನೇಜರನನ್ನು ಕಳಿಸಿದವರು ಸರ್ಕಾರದವರೇ, ಅವನು ವರ್ಷವಿಡೀ ನಮ್ಮ ನದಿಯಲ್ಲಿ ಮೀನು ಹಿಡಿದುಕೊಂಡು ಇದ್ದು ಹೋದ. ಅವನೂ ಬಂದ ದಿನ ಹೀಗೇ ನಗುತ್ತಿದ್ದ.

"ಹೆದರೋದೇನಿಲ್ಲ," ಎಂದ ಪ್ರೆಂಟಿಸ್. "ಜನ ಇರೋ ಮನೆ ಜನರ ಸಮೇತ ಸಿಮೋನ್ ಅವರ ಸಂಸ್ಥೆಗೆ ಹೋಗುತ್ತೆ. ಯಾರೂ ಬೀದಿಗೆ ಬೀಳಲ್ಲ. ಖಾಲಿ ಇರೋದು ಮಾತ್ರ ಬೇರೆ. ಅದನ್ನ ಮಾರಿ ಬರಖಾಸ್ತಿನ ಖರ್ಚು ಕಳೀತೀವಿ."

"ಬರಖಾಸ್ತಿನ ಖರ್ಚು ಅಂದ್ರೆ?" ಎಂದು ಕೇಳಿದೆ.

"ಆಫೀಸಿನ ಖರ್ಚು, ಓಡಾಟ, ನನ್ನ ಫೀಸು."

"ಈ ಕೇಕು?"

ಹಿಂದಿನ ಸಾಲಿನವರು ನಕ್ಕರು. ಪ್ರೆಂಟಿಸ್ ನನ್ನನ್ನು ನೋಡಿ, ಕಾಗದ ಜೋಡಿಸಿಕೊಂಡ. ಖಾಲಿ ಮನೆಯ ಮಾತಿಗೆ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೊಂದು ಮನೆಯಲ್ಲಿ ಮೂರು ಸಂಸಾರ ಇರುವಾಗ ಗಾಲಾ ಬೆಂಡಿನಲ್ಲಿ ಖಾಲಿ ಮನೆ ಎಲ್ಲಿಂದ ಬರಬೇಕು? ಎಲ್ಲವನ್ನೂ ಅನುಮಾನಿಸುವ ನಾನೂ ಇದನ್ನು ಅನುಮಾನಿಸದೆ ಹೋದೆ.

*

ಮರುದಿನ ಬೆಳಿಗ್ಗೆ ಸಿಮೋನ್ ಮನೆ ನೋಡಲು ಬಂದಳು. ಕೈಯಲ್ಲಿ ಟ್ಯಾಬ್. ಜೊತೆಗೆ ಹೆಕ್ಟರಣ್ಣನ ಮಗ ಲಿಯೋನ್, ಅವಳದೇ ಬಣ್ಣದ ನೀಲಿ ಅಂಗಿ ತೊಟ್ಟುಕೊಂಡು. ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಏನ್ಲಾ ಇದು?" ಎಂದೆ.

"ಕೆಲ್ಸ ಅತ್ತೆ. ನಲ್ಲಿ, ಬಾಗ್ಲು, ಬೀಗ, ರಿಪೇರಿ ಕೆಲ್ಸ."

"ಸಂಘದ ಹೆಣ ಇನ್ನೂ ತಣ್ಗಾಗಿಲ್ಲ, ಆಗ್ಲೇ ಅವ್ರ್ ಬಟ್ಟೆ ತೊಟ್ಕಂಡ್ಯಾ? ನಿಮ್ಮಪ್ಪನ್ಗೆ ಗೊತ್ತಾ?"

"ಹತ್ತಿ ಕಾರ್ಖಾನೆ ನಿಂತು ಎಷ್ಟ್ ದಿನ ಆಯ್ತು ಅತ್ತೆ? ನನ್ಗೂ ಮಕ್ಳವೆ," ಎಂದು ಅವನು ನೆಲ ನೋಡಿದ. ಮೈಗೆ ಅಂಗಿ ಬಂದಮೇಲೆ ಕಿವಿಯೂ ಅವರದೇ ಆಗುತ್ತದೆ ಎಂದು ನಾನು ಅಲ್ಲಿಂದ ಮುಂದೆ ಅವನೆದುರು ಒಳಗಿನ ಮಾತು ಆಡಲಿಲ್ಲ.

ಸಿಮೋನ್ ನಮ್ಮ ಅಡಿಗೆಮನೆಗೆ ಬಂದು ಫ್ರಿಜ್ ತೆಗೆದು ನೋಡಿದಳು. ಕೋಣೆಗೆ ಹೋಗಿ ಗೋಡೆಗೆ ಒರಗಿಸಿದ್ದ ಹಾಸಿಗೆಗಳನ್ನು ಬೆರಳು ಮಾಡಿ ಎಣಿಸಿದಳು. ನನ್ನ ಅಕ್ಕನ ಮಗಳು ಕೇಲೀನ್ ತನ್ನ ಮಕ್ಕಳಿಗೆ ರೊಟ್ಟಿ ಸುಡುತ್ತಿದ್ದಳು, ಎದ್ದು ಗೋಡೆಗೆ ಅಂಟಿಕೊಂಡಳು.

"ಇಲ್ಲಿ ಎಷ್ಟು ಜನ ಮಲಗ್ತೀರಿ?"

"ಬಂದಷ್ಟ್ ಜನ," ಎಂದೆ.

"ತಪ್ಪು ತಿಳೀಬೇಡಿ, ನಮ್ಮ ಸಂಸ್ಥೆಯಲ್ಲಿ ಒಂದು ಕೋಣೆಗೆ ಇಷ್ಟೇ ಜನ ಅಂತ ಇದೆ. ಹೆಚ್ಚಿಗೆ ಇರೋರು ಬೇರೆ ಕಡೆ ನೋಡ್ಕೋಬೇಕಾಗುತ್ತೆ." ಅವಳು ಕಿಟಕಿಯ ಬಳಿ ಹೋಗಿ ಆಚೆ ನೋಡಿದಳು. "ಆ ಪಕ್ಕದ ಮನೆ ಯಾರದು?"

ಕೇಲೀನ್ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅದು ನನ್ನ ಅಕ್ಕನ ಮನೆ. ನದಿ ತಿರುಗುವ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ತೀರಿಕೊಂಡವರ ಹೆಸರನ್ನು ನಾವು ಬಾಯಲ್ಲಿ ಆಡುವುದಿಲ್ಲ, ಅವಳ ಹೆಸರು ಇಲ್ಲಿಯೂ ಬರುವುದಿಲ್ಲ. ಕೂಗಿದರೆ ಹೋಗುವವಳು ತಿರುಗಿ ನೋಡುತ್ತಾಳೆ, ದಾರಿ ತಪ್ಪುತ್ತಾಳೆ. ಅವಳು ಸತ್ತ ಮನೆಯಿಂದ ಕೇಲೀನ್ ಅಂದೇ ಮಕ್ಕಳನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಹಿರಿಯರು ಹಸಿ ನೀಲಗಿರಿ ಸೊಪ್ಪಿನ ಹೊಗೆ ಹಾಕಿ ಮನೆಯನ್ನು ಬಿಡಿಸಿಕೊಡುವವರೆಗೆ ಯಾರೂ ಒಳಗೆ ಕಾಲಿಡುವುದಿಲ್ಲ. ಹೊಗೆ ಯಾವಾಗ ಎಂದು ಹೇಳಬೇಕಾದವನು ಹೆಕ್ಟರಣ್ಣ, ಅವಳಿಗೂ ಅಣ್ಣನಾದವನು. ಉತ್ತರದ ಕಡೆಯ ನೆಂಟರು ಇನ್ನೂ ಬಂದು ಅತ್ತಿಲ್ಲ, ಅವರು ಅತ್ತು ಹೋಗಲಿ ಎಂದು ಅವನು ಕಾಯುತ್ತಿದ್ದ.

"ಯಾರದು ಅಂತ ಒಬ್ಬರಿಗೂ ಗೊತ್ತಿಲ್ವಾ?" ಎಂದಳು ಸಿಮೋನ್. "ಲಿಯೋನ್, ನಿಮಗೆ?"

ಲಿಯೋನ್ ತಾಯಿಯಿಲ್ಲದವನು. ಆ ಮನೆಯಲ್ಲೇ ಉಂಡು ಬೆಳೆದವನು. ನದಿಯ ಕಡೆ ಮುಖ ತಿರುಗಿಸಿ ನಿಂತ. ಅವನು ಬಾಯಿ ಬಿಡದಿದ್ದದ್ದು ಸತ್ತ ಅತ್ತೆಯ ಮೇಲಿನ ಮರ್ಯಾದೆಗೋ, ಇಲ್ಲ ಎದುರಿಗಿದ್ದ ನನ್ನ ಭಯಕ್ಕೋ, ನನಗೆ ತಿಳಿಯಲಿಲ್ಲ.

"ಹೋಗಲಿ, ಈಗ ಅಲ್ಲಿ ಯಾರಿದ್ದಾರೆ? ಅದನ್ನಾದರೂ ಹೇಳಿ."

ಕೇಲೀನ್ ಕೈಯ ಹಿಟ್ಟನ್ನು ತಿಕ್ಕಿಕೊಳ್ಳುತ್ತಾ, ಮೆಲ್ಲಗೆ, "ಈಗ ಯಾರೂ ಇಲ್ಲ" ಎಂದಳು.

ಸಿಮೋನಳ ಬೆರಳು ಟ್ಯಾಬಿನ ಮೇಲೆ ಓಡಿತು. "ಇಲ್ಲಿ ಹಂದಿಗೂಡಿನ ಹಾಗೆ ಒಬ್ಬರ ಮೇಲೊಬ್ಬರು. ಪಕ್ಕದಲ್ಲೇ ಮೂರು ಕೋಣೆಯ ಮನೆ ಖಾಲಿ. ನಿಮಗೇ ಇದು ವಿಚಿತ್ರ ಅನ್ಸಲ್ವಾ? ತಪ್ಪು ತಿಳೀಬೇಡಿ, ಸುಮ್ಮನೆ ಕೇಳಿದೆ."

ತಪ್ಪು ತಿಳೀಬೇಡಿ ಎನ್ನುವವರ ಮಾತನ್ನು ನಾನು ತಪ್ಪಾಗಿಯೇ ತಿಳಿಯುತ್ತೇನೆ. ಆದರೂ ಆ ಕ್ಷಣಕ್ಕೆ ನನಗೆ ಸಿಟ್ಟು ಬಂದದ್ದು ಹಂದಿಗೂಡು ಎಂದದ್ದಕ್ಕೆ. ಖಾಲಿ ಎಂದದ್ದು ಕಿವಿಯ ಮೇಲೆ ಹಾದುಹೋಯಿತು.

*

ವಾರ ತುಂಬುವ ಮೊದಲೇ ಅಕ್ಕನ ಬಾಗಿಲ ಮೇಲೆ ಕಾಗದ ಅಂಟಿತ್ತು. ಖಾಲಿ, ಸಂಘದ ಬರಖಾಸ್ತಿನ ಖರ್ಚಿಗಾಗಿ ಮಾರಾಟಕ್ಕಿದೆ, ಶುಕ್ರವಾರ ಬೀಗ ಹಾಕಲಾಗುವುದು. ಓದಿ ಹೇಳಿದ್ದು ಕೇಲೀನಳೇ. ಓದುತ್ತಾ ಓದುತ್ತಾ ಅವಳ ದನಿ ಸಣ್ಣಗಾಯಿತು.

ನಾನೂ ಅವಳೂ ಸಂಘದ ಹಳೆ ಆಫೀಸಿಗೆ ಓಡಿದೆವು. ಪ್ರೆಂಟಿಸ್ ನಮ್ಮ ಅಧ್ಯಕ್ಷರು ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನಿಲ್ಲಿ ಎಂದು ಕೈ ಮಾಡಿದ. ಅವನು ತಿಂದು ಮುಗಿಸುವವರೆಗೆ ನಿಂತೆವು.

"ಅದು ಖಾಲಿ ಮನೆ ಅಲ್ಲ ಸಾರ್," ಎಂದಳು ಕೇಲೀನ್. "ನಾನು ಹುಟ್ಟಿದ್ದೇ ಅಲ್ಲಿ. ನನ್ ಮಕ್ಳು ಬೆಳ್ದಿದ್ದೂ ಅಲ್ಲೇ. ವಸಿ ದಿನ ಆಚೆಗ್ ಬಂದಿದ್ದೀವಿ, ಅಷ್ಟೆ."

"ಯಾರ ಹೆಸರಲ್ಲಿ ಇತ್ತು?"

"ನಮ್ಮವ್ವನ್ ಹೆಸ್ರಲ್ಲಿ."

"ಏನು ಹೆಸರು?"

ಕೇಲೀನ್ ನನ್ನ ಮುಖ ನೋಡಿದಳು. ನಾನು ತಲೆ ಅಲ್ಲಾಡಿಸಿದೆ. "ಯೋಳಂಗಿಲ್ಲ ಸಾರ್," ಎಂದಳು.

ಪ್ರೆಂಟಿಸ್ ಪೆನ್ನನ್ನು ಮೇಜಿನ ಮೇಲೆ ಅವಳತ್ತ ಉರುಳಿಸಿದ. "ಹೇಳೋದು ಬೇಡ, ಬರೆದು ಕೊಡು. ಬರೆಯೋಕೆ ಬರುತ್ತೆ ತಾನೆ?"

"ಬರ್ಯಂಗೂ ಇಲ್ಲ. ಹೊಗೆ ಹಾಕೋಗಂಟ ಇಲ್ಲ."

"ನಿನ್ನ ತಾಯಿ ಹೆಸರು ನಿನಗೆ ಗೊತ್ತಿಲ್ಲ. ಆ ಮನೇಲಿ ಯಾರೂ ಇಲ್ಲ ಅಂತ ಹೇಳಿದವಳೂ ನೀನೇ, ಸಿಮೋನ್ ಬರ್ಕೊಂಡಿದ್ದಾರೆ. ಈಗ ಮಾರಾಟ ಅಂದ ತಕ್ಷಣ ಮನೆ ನೆನಪಾಯ್ತು." ಅವನು ಹಲ್ಲಿನ ಸಂದಿಯನ್ನು ನಾಲಗೆಯಿಂದ ಕೆದಕಿಕೊಂಡ. "ಅಷ್ಟು ಬೇಕಾಗಿದ್ರೆ ಈವತ್ತೇ ಹೋಗಿ ಒಳಗೆ ಇರು. ಬಾಗಿಲು ತೆಗೆದೇ ಇದೆ. ಯಾರು ತಡೀತಿದ್ದಾರೆ?"

"ನಮ್ಮವ್ವನೇ ತಡೀತಾವ್ಳೆ" ಎಂದು ಹೇಳಿ ಕೇಲೀನ್ ಅಳತೊಡಗಿದಳು.

"ಥೂ ನಿನ್ ಬಾಯ್ಗೆ ಮಣ್ ಹಾಕ," ಎಂದೆ ನಾನು. "ಹೆತ್ತೋಳ್ ಸತ್ತವ್ಳೆ ಅಂತ ನಿಂತವಳ್ ಮುಂದೆ ಏನ್ಲಾ ಮಾತು ನಿಂದು, ಬೋಳಿಮಗ್ನೆ? ಯಾವ ಹತ್ತಿ ಸಾವ್ಕಾರನ್ಗೆ ಮಾತು ಕೊಟ್ಟಿದ್ದೀಯ? ಹತ್ತಿ ಹೊಲಕ್ಕೆ ನೀರೆತ್ತೋಕೆ ನದಿ ತಿರುವಲ್ಲಿ ಪಂಪ್ ಇಕ್ಬೇಕು ಅಂತ ಯಾರ್ ಬಂದಿದ್ರು ನಿನ್ ತಾವ?"

ನಾನು ಅದನ್ನು ಸುಮ್ಮನೆ ಎಸೆದದ್ದು. ಯಾರೂ ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಅವನು ಕುರ್ಚಿ ಹಿಂದೆ ಸರಿಸಿ, ಕಿವಿ ಕೆಂಪಗೆ ಮಾಡಿಕೊಂಡು, ಪೊಲೀಸರನ್ನು ಕರೆಸಬೇಕಾ ಎಂದು ಕೇಳಿದ. ನನ್ನ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

ಸಂಜೆ ಹೆಕ್ಟರಣ್ಣನ ಅಂಗಳದಲ್ಲಿ ಜಗಳವಾಯಿತು. ಅವನು ಬೆಂಕಿಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದ. ಕೇಲೀನ್ ಕುಳಿತುಕೊಳ್ಳಲಿಲ್ಲ.

"ನಾಳೀಕೇ ಹೊಗೆ ಹಾಕ್ಬುಡು ಮಾವ. ನಾನು ಮಕ್ಳ ಕರ್ಕಂಡ್ ಒಳೀಕ್ ಹೋಯ್ತೀನಿ."

"ಉತ್ತರದೋರು ಬಂದಿಲ್ಲ."

"ಅವ್ರು ಬರೋ ಹೊತ್ಗೆ ಮನೆ ಇರಲ್ಲ."

"ನನ್ ತಂಗಿ ಯಾವಾಗ ಹೋಗ್ಬೇಕು ಅಂತ ಆ ಕೇಕ್ ನನ್ಮಗ ಯೋಳ್ಬೇಕಾ? ಶುಕ್ರವಾರ್ದೊಳ್ಗೆ ಎದ್ದೋಗವ್ವ, ಬೀಗ ಹಾಕ್ಬೇಕಂತೆ ಅಂತ ಅವ್ಳ್ನ ಆಚೆಗ್ ದಬ್ಲಾ ನಾನು? ಬದ್ಕಿದ್ದಾಗ ದಬ್ಬಿದ್ರು, ಸತ್ಮೇಲೂ ದಬ್ಬೋದಾ?"

"ದಬ್ಬಬ್ಯಾಡ. ಕಾಯಿ. ಕಾಯ್ತಾ ಕೂತ್ಕೊ. ಮನೆ ಹೋದ್ಮೇಲೆ ಹೊಗೆ ಯಾವ್ದಕ್ ಹಾಕ್ತೀಯ ಮಾವ, ನಿನ್ ಗಡ್ಡಕ್ಕಾ?"

ಹೆಕ್ಟರಣ್ಣನಿಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ನಾನು ಕೇಲೀನಳ ತೋಳು ಹಿಡಿದೆ. ಅವಳು ಕೊಡವಿಕೊಂಡಳು. ಇಬ್ಬರದೂ ಸರಿ ಎಂದು ನನಗೆ ಅನಿಸಿತು. ನಮ್ಮನ್ನು ಹೀಗೆ ಒಬ್ಬರ ಮೇಲೊಬ್ಬರನ್ನು ಬಿಟ್ಟು ಪ್ರೆಂಟಿಸ್ ಮೋಟೆಲಿನಲ್ಲಿ ಕಾಲು ಚಾಚಿ ಮಲಗಿದ್ದ.

ಹೆಕ್ಟರಣ್ಣ ಚಹಾದ ಚರಟವನ್ನು ಬೆಂಕಿಗೆ ಚೆಲ್ಲಿದ.

"ಸತ್ತ್ ಮನೆ ಒಳೀಕ್ ಹೋಗಂಗಿಲ್ಲ," ಎಂದ. "ಅಂಗಳಕ್ ಹೋಗಂಗಿಲ್ಲ ಅಂತ ಯಾರೂ ಯೋಳಿಲ್ಲ. ನಮ್ಮಪ್ಪನ್ ಕಾಲ್ದಲ್ಲಿ ಊರೆಲ್ಲ ಸತ್ತ್ ಮನೆ ಸುತ್ತ ಬೀಡು ಬುಟ್ಕಂಡ್ ಅಳ್ತಿದ್ರು. ಹಾಸ್ಗೆ ತಗಳ್ರಮ್ಮಿ."

*

ಶುಕ್ರವಾರ ಬೆಳಿಗ್ಗೆ ಪ್ರೆಂಟಿಸ್ ಬರುವಷ್ಟರಲ್ಲಿ ಅಕ್ಕನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಲಾ ಬೆಂಡಿನ ಮನೆಮನೆಯಿಂದ ಹಾಸಿಗೆ, ಕಂಬಳಿ, ಮುರುಕು ಸೋಫಾ ಬಂದಿದ್ದವು. ಕಾಂಗರೂ ಬಾಲ ಬೂದಿಯಲ್ಲಿ ಬೇಯುತ್ತಿತ್ತು. ಮುದುಕಿಯರು ಗೋಡೆಯ ನೆರಳಲ್ಲಿ ಸಾಲಾಗಿ ಕುಳಿತು ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಎಂದು ಅಳುತ್ತಿದ್ದರು. ನದಿಯ ಮರಗಳಲ್ಲಿ ಬಿಳಿ ಗಿಳಿಗಳು ಅವರಿಗಿಂತ ಜೋರಾಗಿ ಕಿರುಚುತ್ತಿದ್ದವು. ಬಾಗಿಲ ಮುಂದೆ ಮಾತ್ರ ಜಾಗ ಬಿಟ್ಟಿದ್ದೆವು.

ಸಿಮೋನ್ ಗಾಡಿಯಿಂದ ಇಳಿದು, "ಏನು, ಹಬ್ಬವಾ?" ಎಂದು ನಕ್ಕಳು. ಯಾರೂ ನಗಲಿಲ್ಲ. ಅವಳೂ ನಿಲ್ಲಿಸಿದಳು.

ಲಿಯೋನ್ ಗಾಡಿಯ ಹಿಂದಿನಿಂದ ಸಲಕರಣೆಯ ಪೆಟ್ಟಿಗೆ ಇಳಿಸಿಕೊಂಡ. ಅವನ ಅಪ್ಪ ಅವನನ್ನು ನೋಡಲಿಲ್ಲ. ಹಾಸಿಗೆಗಳ ನಡುವೆ ದಾರಿ ಬಿಡಿಸಿಕೊಂಡು ಬಾಗಿಲಿಗೆ ಹೋಗುವಾಗ ಒಬ್ಬಳು ಮುದುಕಿ ಅವನ ಬೂಟಿನ ಹತ್ತಿರ ಉಗುಳಿದಳು.

"ಅವ್ಳ್ ಕೈ ತುತ್ತು ತಿಂದೋನ್ ಕಣ್ಲಾ ನೀನು," ಎಂದೆ. "ಆ ಕೈಲೇ ಅವ್ಳ್ ಬಾಗ್ಲಿಗೆ ಬೀಗ ಹೊಡಿ. ಚೆನ್ನಾಗ್ ಹೊಡಿ."

ಅವನು ಪೆಟ್ಟಿಗೆ ತೆರೆದ. ಬಾಗಿಲಿಗೂ ಚೌಕಟ್ಟಿಗೂ ಕಬ್ಬಿಣದ ಕೊಂಡಿ ಇಟ್ಟು, ಉದ್ದ ಸ್ಕ್ರೂ ಆರಿಸಿ, ಬಿಗಿ ಮಾಡಿದ. ಕೆಲಸ ಮಾತ್ರ ಅಚ್ಚುಕಟ್ಟು. ಹೊಸ ಬೀಗವನ್ನು ಬಾಯಿ ತೆರೆದಂತೆಯೇ ಕೊಂಡಿಗೆ ನೇತುಹಾಕಿ, ಅದರ ಎರಡೂ ಕೀಲಿಗಳನ್ನು ಪ್ರೆಂಟಿಸನ ಕೈಗೆ ಕೊಟ್ಟ. ಪ್ರೆಂಟಿಸ್ ಅವನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

"ಎಲ್ಲರೂ ಇಲ್ಲಿಂದ ಏಳಿ. ಈ ಜಾಗ ಮಾರಾಟಕ್ಕಿದೆ."

"ಮನೇಲಿ ಜನ ಇದ್ರೆ ಮಾರಂಗಿಲ್ಲ ಅಂದಿದ್ರಿ," ಎಂದ ಹೆಕ್ಟರಣ್ಣ. ಅವನು ಹಾಸಿಗೆಯ ಮೇಲೆ ಕುಳಿತೇ ಇದ್ದ.

"ಮನೇಲಿ ಅಂದ್ರೆ ಮನೆಯೊಳಗೆ. ಅಂಗಳದಲ್ಲಿ ಹೊರಳಾಡೋದು ಲೆಕ್ಕಕ್ಕಿಲ್ಲ. ಒಳಗೆ ಯಾರಿದ್ದಾರೆ?"

"ಅವ್ಳವ್ಳೆ."

"ಯಾರು?"

"ನನ್ ತಂಗಿ. ಹೊಗೆ ಹಾಕೋಗಂಟ ಅವ್ಳು ಹೋಗಲ್ಲ. ನಿನ್ ಹುಡ್ಗಿ ಕೇಳ್ದಾಗ ಕೇಲೀನ್ ತಪ್ ಯೋಳವ್ಳೆ, ಸಣ್ಣೋಳು. ಈಗ ಹಿರೀಕ ನಾನ್ ಯೋಳ್ತಾ ಇವ್ನಿ. ಖಾಲಿ ಅಂತ ಬರ್ದಿರೋದ ಅಳ್ಸು."

ಪ್ರೆಂಟಿಸ್ ಸಿಮೋನಳನ್ನು ನೋಡಿದ, ಹಣೆ ಒರೆಸಿಕೊಂಡ, ಆಮೇಲೆ ನಕ್ಕುಬಿಟ್ಟ. "ಸತ್ತವರು ಬಾಡಿಗೆದಾರರ ಲೆಕ್ಕಕ್ಕೆ ಬರಲ್ಲ ತಾತ. ಸಿಮೋನ್, ಬೀಗ ಹಾಕೋ ಮೊದಲು ಒಳಗಿನ ಫೋಟೋ ಬೇಕು. ಹೋಗಿ ತೆಗೀರಿ. ಮುಗಿಸೋಣ."

ಸಿಮೋನ್ ಬಾಗಿಲವರೆಗೆ ಹೋದಳು. ಮುದುಕಿಯರು ಒಮ್ಮೆಲೇ ಅಳು ನಿಲ್ಲಿಸಿದರು. ಅವಳು ತೆರೆದ ಬಾಗಿಲ ಕತ್ತಲೆ ನೋಡಿದಳು, ನಮ್ಮನ್ನು ನೋಡಿದಳು, ಹೊಸ್ತಿಲ ಈಚೆಗೇ ನಿಂತಳು. "ಇನ್ನೊಂದು ದಿನ ಬರಬಹುದಲ್ವಾ ಸರ್?" ಎಂದಳು. ಅವಳ ಬಾಯಿಂದ ಬಂದ ಮೊದಲ ನಿಜವಾದ ಮಾತು ಅದು ಎನಿಸಿತು, ಆದರೂ ನಾನು ನಂಬಲಿಲ್ಲ.

"ಕೊಡಿ ಇಲ್ಲಿ," ಎಂದು ಪ್ರೆಂಟಿಸ್ ಅವಳ ಕೈಯಿಂದ ಟ್ಯಾಬ್ ಕಿತ್ತುಕೊಂಡು ಒಳಗೆ ನುಗ್ಗಿದ. ಅಕ್ಕನ ಮನೆಯ ನೆಲದ ಮೇಲೆ ಅವನ ಷೂಸಿನ ಸದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಯಿತು. ಅವಳ ಮಂಚ ಇದ್ದ ಕಡೆ ಹೋಯಿತು. ಯಾರೋ ಅವಳ ಮೈಯನ್ನೇ ತುಳಿದಂತಾಯಿತು. ಹೆಕ್ಟರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆಗ ಕೇಲೀನ್ ಎದ್ದಳು. ಹಾಸಿಗೆ ದಾಟಿ, ಸಿಮೋನಳನ್ನು ಮೊಣಕೈಯಿಂದ ಸರಿಸಿ, ಬಾಗಿಲನ್ನು ಎಳೆದು, ಕೊಂಡಿ ಸಿಕ್ಕಿಸಿ, ಬೀಗ ಒತ್ತಿದಳು. ಹೊಸ ಬೀಗ, ಒತ್ತಿದೊಡನೆ ಕೂತಿತು.

"ಈಗ ಬರ್ಕೊ ನಿನ್ ಲೆಕ್ಕದಲ್ಲಿ," ಎಂದಳು ಸಿಮೋನಳಿಗೆ. "ಮನೇಲಿ ಜನ ಅವ್ರೆ."

ಮೊದಲು ಒಳಗಿನಿಂದ ಬಾಗಿಲು ಎಳೆದ ಸದ್ದಾಯಿತು. ಆಮೇಲೆ ಗುದ್ದಿದ ಸದ್ದು. "ಏನು ತಮಾಷೆ ಇದು? ಲಿಯೋನ್! ತೆಗಿ!" ಕಿಟಕಿಗೆ ಬಂದ. ಕುಡುಕರು ನುಗ್ಗಬಾರದೆಂದು ಸಂಘ ಒಂದು ಕಾಲದಲ್ಲಿ ಹಾಕಿಸಿದ ಕಬ್ಬಿಣದ ಜಾಲರಿ ಅಲ್ಲಿತ್ತು. ಅದರ ಹಿಂದೆ ಅವನ ಮುಖ ಕೆಂಪಗೆ ಕಂಡಿತು. ಒಬ್ಬೊಬ್ಬರನ್ನೂ ಜೈಲಿಗೆ ಕಳಿಸುತ್ತೇನೆ ಎಂದ, ಕಪ್ಪು ನಾಯಿಗಳು ಎಂದ. ಹೊಟ್ಟೆಯೊಳಗೆ ಇದ್ದದ್ದು ಕೊನೆಗೆ ಬಾಯಿಗೆ ಬಂತು.

"ಕೂಗಬ್ಯಾಡ ಕಣಪ್ಪ," ಎಂದ ಹೆಕ್ಟರಣ್ಣ. "ಅವ್ಳ್ಗೆ ಗದ್ಲ ಆಗಲ್ಲ."

ಸಿಮೋನ್ ಗಾಡಿಯ ಹಿಂದೆ ನಿಂತು ಫೋನಿನಲ್ಲಿ ಪೊಲೀಸರಿಗೆ ದಾರಿ ಹೇಳುತ್ತಿದ್ದಳು. ಕೇಲೀನ್ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮುಂದೆ ಕುಳಿತಳು. ಪ್ರತಿ ಗುದ್ದಿಗೂ ಅವಳ ಬೆನ್ನು ಅಲುಗುತ್ತಿತ್ತು. ಅವಳು ಅಳುತ್ತಿದ್ದಳು, ಏಳಲಿಲ್ಲ.

"ಲಿಯೋನ್, ಕೀಲಿ ಕೊಡ್ತೀನಿ, ತೆಗಿ. ಕೆಲಸ ಬೇಕಾ ಬೇಡ್ವಾ ನಿನಗೆ?"

ಬಾಗಿಲ ಕೆಳಗಿನ ಸಂದಿಯಿಂದ ಕೀಲಿ ಜಾರಿ ಬಂತು. ಕೇಲೀನಳ ಪಕ್ಕದಿಂದ ಹಾದು ಮಣ್ಣಿನಲ್ಲಿ, ಲಿಯೋನನ ಕಾಲ ಬಳಿ ನಿಂತಿತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಇವನು ಬಗ್ಗುತ್ತಾನೆ, ನನಗೆ ಗೊತ್ತು, ಈ ನನ್ಮಗ ಬಗ್ಗೇ ಬಗ್ಗುತ್ತಾನೆ ಎಂದುಕೊಂಡೆ. ಸೇತುವೆಯ ಕಡೆಯಿಂದ ಕೆಂಪು ಧೂಳು ಏಳತೊಡಗಿತ್ತು, ಪೊಲೀಸ್ ಗಾಡಿ ಬರುತ್ತಿತ್ತು.

ಲಿಯೋನ್ ಕೀಲಿಯನ್ನು ನೋಡಿದ. ಅವರೇ ಕೊಡಿಸಿದ ಹೊಸ ಬೂಟನ್ನು ಎತ್ತಿ ಅದರ ಮೇಲೆ ಇಟ್ಟು, ಮಣ್ಣಿಗೆ ಒತ್ತಿ, ಕೈ ಕಟ್ಟಿಕೊಂಡು ನಿಂತ.